ಗೋಧಿ ಬಿಡುವ ಮೊದಲು ಒಂದು ರಕ್ತಪರೀಕ್ಷೆ

ಗೋಧಿ ಬಿಟ್ಟ ಮೇಲೆ ಹೊಟ್ಟೆ ಹಗುರಾಯಿತು, ಉಬ್ಬರ ನಿಂತಿತು ಎನ್ನುವವರು ಈಗ ಮದುವೆ ಊಟದ ಪ್ರತಿ ಪಂಕ್ತಿಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಅವರ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಹೊಟ್ಟೆಯ ನೆಮ್ಮದಿ ಅವರವರಿಗೇ ಗೊತ್ತು. ಆದರೆ ಅವರಲ್ಲಿ ಹೆಚ್ಚಿನವರು ಯಾವ ಪರೀಕ್ಷೆಯನ್ನೂ ಮಾಡಿಸದೆ ಗೋಧಿ ಬಿಟ್ಟಿರುತ್ತಾರೆ. ಇನ್ನೊಂದು ಕಡೆ, ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದ ಹೆಂಗಸರು, ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಗೆ ಉಳಿದ ಮಕ್ಕಳು ದಿನಾ ಚಪಾತಿ ತಿನ್ನುತ್ತಲೇ ಇರುತ್ತಾರೆ. ಅವರಲ್ಲಿ ಕೆಲವರಿಗಾದರೂ ಗೋಧಿಯೇ ಆಗದಿರಬಹುದು ಎಂಬುದು ಮನೆಯವರಿಗೂ ಹೊಳೆದಿರುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಹೊಳೆದಿರುವುದಿಲ್ಲ. ಮೊದಲನೆಯವರದು ಅವಸರ, ಎರಡನೆಯವರದು ವಿಳಂಬ. ಗೋಧಿಯ ಗ್ಲುಟೆನ್ ದೇಹಕ್ಕೆ ಆಗದ ಸೀಲಿಯಾಕ್ ಕಾಯಿಲೆಯ ವಿಷಯದಲ್ಲಿ ನಮ್ಮಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿವೆ.

ಗ್ಲುಟೆನ್ ಎಂದರೇನೆಂದು ನೋಡಲು ಅಡುಗೆಮನೆಗೇ ಹೋಗಬಹುದು. ಚಪಾತಿಯನ್ನು ಲಟ್ಟಿಸುತ್ತೇವೆ, ಜೋಳದ ರೊಟ್ಟಿಯನ್ನು ಬಡಿಯುತ್ತೇವೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದದಿದ್ದರೆ ರೊಟ್ಟಿಯ ಅಂಚು ಬಿರಿಯುತ್ತದೆ. ಹೋಳಿಗೆಯ ಕಣಕವಾದರೆ ಎಣ್ಣೆಯಲ್ಲಿ ನೆನೆದು, ಬೆರಳು ಎಳೆದಷ್ಟೂ ಹಿಗ್ಗುತ್ತದೆ. ಹೂರಣ ಹೊರಗೆ ಬಾರದಂತೆ ಹಿಡಿದಿಡುತ್ತದೆ. ಈ ಹಿಗ್ಗುವ ಗುಣ ಬರುವುದು ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿಂದ. ನೀರು ಹಾಕಿ ನಾದಿದಾಗ ಇವೆರಡೂ ಹೆಣೆದುಕೊಂಡು ಉಂಟಾಗುವ ಜಿಗುಟೇ ಗ್ಲುಟೆನ್. ಬಾರ್ಲಿಯಲ್ಲೂ ರೈ ಧಾನ್ಯದಲ್ಲೂ ಇದರ ದಾಯಾದಿಗಳಿವೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳಗಳಲ್ಲಿ ಇಲ್ಲ.

ಈ ಜಿಗುಟಿಗೂ ಆಗ ಮಕ್ಕಳಿಗೆ ಮಾರಕವಾಗಿದ್ದ ಸೀಲಿಯಾಕ್ ಕಾಯಿಲೆಗೂ ನಂಟಿದೆ ಎಂದು ಪತ್ತೆಯಾಗಲು ಬಹಳ ಕಾಲ ಹಿಡಿಯಿತು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದ ಲೇಖನ ಇಂದಿಗೂ ಮೆಚ್ಚುವಂಥದ್ದು. ಊದಿದ ಹೊಟ್ಟೆ, ಬಡಕಲು ಕೈಕಾಲು, ಬಿಳಿಚಿದ ನಾರುವ ಬೇಧಿ, ಒಂದರಿಂದ ಐದು ವರ್ಷದೊಳಗಿನ ಮಕ್ಕಳು. ವಾಸಿಯಾಗುವುದಿದ್ದರೆ ಆಹಾರದಿಂದಲೇ ಎಂದೂ ಅವರು ಊಹಿಸಿದ್ದರು. ಯಾವ ಆಹಾರ ಎಂಬುದು ಮಾತ್ರ ತಿಳಿದಿರಲಿಲ್ಲ. ನ್ಯೂಯಾರ್ಕಿನ ಸಿಡ್ನಿ ಹಾಸ್ 1924ರಲ್ಲಿ ಬಾಳೆಹಣ್ಣಿನ ಪಥ್ಯ ಸೂಚಿಸಿದರು. ಮಕ್ಕಳು ಚೇತರಿಸಿಕೊಂಡರು, ಬಾಳೆಹಣ್ಣಿಗೆ ದೊಡ್ಡ ಹೆಸರು ಬಂತು. ಆ ಪಥ್ಯದಲ್ಲಿ ಬ್ರೆಡ್ಡನ್ನೂ ಬಿಡಿಸಿದ್ದರು. ಗುಣವಾದದ್ದು ತಿಂದದ್ದರಿಂದಲ್ಲ, ಬಿಟ್ಟದ್ದರಿಂದ ಎಂದು ಯಾರೂ ಗಮನಿಸಲಿಲ್ಲ.

ಅದನ್ನು ಗಮನಿಸಿದವರು ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ 1930ರ ದಶಕದಲ್ಲೇ ಅವರಿಗೆ ಬ್ರೆಡ್ಡಿನ ಮೇಲೆ ಅನುಮಾನ ಹುಟ್ಟಿತ್ತು. ಬ್ರೆಡ್ ನಿಲ್ಲಿಸಿದರೆ ಮಗುವಿನ ಮೈಮೇಲಿನ ಗಂದೆ ಇಳಿಯುತ್ತದೆ ಎಂದು ಒಬ್ಬ ತಾಯಿ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ತಾಯಂದಿರ ಮಾತನ್ನು ವೈದ್ಯರು ತಳ್ಳಿಹಾಕದೆ ಕೇಳಿಸಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. 1941ರಲ್ಲಿ ಅವರು ತಮ್ಮ ಮೊದಲ ವರದಿ ಪ್ರಕಟಿಸಿದರು. ಆಮೇಲೆ 1944-45ರ ಚಳಿಗಾಲ ಬಂತು. ಜರ್ಮನ್ ಸೇನೆಯ ದಿಗ್ಬಂಧನದಲ್ಲಿ ಪಶ್ಚಿಮ ನೆದರ್‌ಲ್ಯಾಂಡ್ಸಿನ ಜನ ಟುಲಿಪ್ ಗಡ್ಡೆ ಬೇಯಿಸಿ ತಿನ್ನುವ ಗತಿಗೆ ಇಳಿದರು. ಸಾವಿರಾರು ಮಂದಿ ಹಸಿವಿನಿಂದ ಸತ್ತ ಆ ತಿಂಗಳುಗಳಲ್ಲಿ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸುತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಬ್ರೆಡ್ ಮತ್ತೆ ಬಂತು, ಕಾಯಿಲೆಯೂ ಅದರ ಹಿಂದೆಯೇ ಬಂತು.

ಬರಗಾಲದ ಕಥೆ ಮನಸ್ಸಿಗೆ ನಾಟುತ್ತದೆ ನಿಜ. ಆದರೆ ವಿಜ್ಞಾನ ನಿಂತಿರುವುದು ಅದರ ನಂತರ ಡಿಕೆ ಮಾಡಿದ ತಾಳ್ಮೆಯ ಕೆಲಸದ ಮೇಲೆ. ಕೆಲವೇ ಮಕ್ಕಳಿಗೆ ವರ್ಷಗಟ್ಟಲೆ ಒಮ್ಮೆ ಗೋಧಿ ಕೊಟ್ಟು, ಒಮ್ಮೆ ನಿಲ್ಲಿಸಿ, ತೂಕ ಮತ್ತು ಎತ್ತರದ ರೇಖೆಗಳನ್ನು ಎಳೆಯುತ್ತಾ ಹೋದರು. 1950ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಆ ರೇಖೆಗಳಿವೆ. ಗೋಧಿ ಕೊಟ್ಟ ಕಾಲದಲ್ಲಿ ರೇಖೆ ಮಲಗುತ್ತದೆ, ನಿಲ್ಲಿಸಿದಾಗ ಏಳುತ್ತದೆ. ಜೀವರಸಾಯನ ತಜ್ಞ ವಾನ್ ಡಿ ಕಾಮರ್ ಮಲದಲ್ಲಿ ಎಷ್ಟು ಕೊಬ್ಬು ಜೀರ್ಣವಾಗದೆ ಹೋಗುತ್ತಿದೆ ಎಂದು ಅಳೆಯುವ ವಿಧಾನ ರೂಪಿಸಿದರು. ಅವರು, ವೈದ್ಯ ವೇಯರ್ಸ್ ಮತ್ತು ಡಿಕೆ ಮೂವರೂ ಸೇರಿ, ತಪ್ಪು ಗೋಧಿಯ ಪಿಷ್ಟದ್ದಲ್ಲ, ಅದರ ಪ್ರೋಟೀನಿನದು ಎಂದು ತೋರಿಸಿಕೊಟ್ಟರು. 1952ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರ ಪ್ರಯೋಗಗಳೂ ಅದನ್ನೇ ಹೇಳಿದವು.

ಆಗಲೂ ಕರುಳೊಳಗೆ ಏನಾಗುತ್ತಿದೆ ಎಂದು ಜೀವಂತ ರೋಗಿಯಲ್ಲಿ ನೋಡಲು ದಾರಿ ಇರಲಿಲ್ಲ. 1950ರ ದಶಕದ ನಡುವಿನಲ್ಲಿ ಮಾರ್ಗೋ ಶೈನರ್ ಬಾಯಿಯ ಮೂಲಕ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆಯುವ ವಿಧಾನ ಕಂಡುಹಿಡಿದರು. 1957ರಲ್ಲಿ ಅಮೆರಿಕದ ವಿಲಿಯಂ ಕ್ರಾಸ್ಬಿ ಅದನ್ನು ಇನ್ನಷ್ಟು ಸರಳಗೊಳಿಸಿದರು. ರೋಗಿ ತೆಳು ಕೊಳವೆ ಕಟ್ಟಿದ ಲೋಹದ ಗುಳಿಗೆಯೊಂದನ್ನು ನುಂಗಬೇಕು, ಅದು ಕರುಳು ಮುಟ್ಟಿದಾಗ ಹೊರಗಿನಿಂದ ಗಾಳಿ ಎಳೆದರೆ ಒಳಪೊರೆ ಗುಳಿಗೆಯ ಕಿಂಡಿಯೊಳಕ್ಕೆ ಬರುತ್ತದೆ, ಸ್ಪ್ರಿಂಗ್ ಹಾಕಿದ ಅಲಗು ಕಡಲೆಬೇಳೆಗಿಂತಲೂ ಚಿಕ್ಕ ಚೂರನ್ನು ಕತ್ತರಿಸುತ್ತದೆ. ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಉತ್ತರ ಕಣ್ಣೆದುರೇ ಇತ್ತು. ಆರೋಗ್ಯವಂತರ ಸಣ್ಣ ಕರುಳಿನ ಒಳಮೈ ಟರ್ಕಿ ಟವಲ್ಲಿನ ಹಾಗೆ, ಒತ್ತೊತ್ತಾಗಿ ಎದ್ದುನಿಂತ ಎಳೆಗಳಿಂದ ತುಂಬಿರುತ್ತದೆ. ಅನ್ನಸಾರವನ್ನು ಹೀರುವುದು ಆ ಎಳೆಗಳೇ. ಸೀಲಿಯಾಕ್ ರೋಗಿಯಲ್ಲಿ ಅವು ಸವೆದು ಚಪ್ಪಟೆಯಾಗಿರುತ್ತವೆ. ಉಂಡದ್ದರಲ್ಲಿನ ಕಬ್ಬಿಣ, ಕ್ಯಾಲ್ಸಿಯಂ, ಜೀವಸತ್ವಗಳು ಒಳಗೆ ಹೋಗದೆ ಹಾಗೇ ದಾಟಿಹೋಗುತ್ತವೆ.

ಸವೆಯುವುದು ಏಕೆ? ಗ್ಲುಟೆನ್ನನ್ನು ನಮ್ಮ ಜೀರ್ಣರಸಗಳು ಪೂರ್ತಿ ಕತ್ತರಿಸಲಾರವು. ಎಲ್ಲರ ಹೊಟ್ಟೆಯಲ್ಲೂ ಅದರ ಒಂದಿಷ್ಟು ಉದ್ದುದ್ದ ತುಣುಕುಗಳು ಉಳಿಯುತ್ತವೆ. 33 ಅಮೈನೋ ಆಮ್ಲಗಳ ಅಂಥ ಒಂದು ಹಟಮಾರಿ ತುಣುಕನ್ನು ವಿಜ್ಞಾನಿಗಳು 2002ರಲ್ಲಿ ಗುರುತಿಸಿದರು. ಕರುಳಿನ ಗೋಡೆಯಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವಿದೆ, ಗಾಯ ಬೆಸೆಯುವುದು ಅದರ ನಿತ್ಯದ ಕೆಲಸಗಳಲ್ಲೊಂದು. ಅದು ಈ ತುಣುಕುಗಳ ರಾಸಾಯನಿಕ ರೂಪವನ್ನು ಕೊಂಚ ಬದಲಿಸುತ್ತದೆ. ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇರುವವರಲ್ಲಿ, ಹಾಗೆ ಬದಲಾದ ತುಣುಕು ರೋಗನಿರೋಧಕ ಕಣಗಳ ಹಿಡಿತಕ್ಕೆ ಗಟ್ಟಿಯಾಗಿ ಸಿಗುತ್ತದೆ. ಅದನ್ನು ಶತ್ರುವೆಂದು ತಿಳಿದ ದೇಹ ದಾಳಿಗೆ ಇಳಿಯುತ್ತದೆ. ಆ ದಾಳಿಯಲ್ಲಿ ಕರುಳಿನ ಎಳೆಗಳೇ ನಾಶವಾಗುತ್ತವೆ. ದೇಹ ಆ ಕಿಣ್ವದ ವಿರುದ್ಧವೂ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ ಎಂಬುದನ್ನು 1997ರಲ್ಲಿ ಬರ್ಲಿನ್ನಿನ ಡೆಟ್ಲೆಫ್ ಶುಪ್ಪಾನ್ ತಂಡ ಪತ್ತೆಹಚ್ಚಿತು. ಈಗ ಮಾಡುವ ಟಿಟಿಜಿ ರಕ್ತಪರೀಕ್ಷೆ ಆ ಶೋಧದ ಫಲ. ಹಾಗಾಗಿ ಇದು ಬರೀ ಅಜೀರ್ಣವಲ್ಲ, ಅಲರ್ಜಿಯೂ ಅಲ್ಲ. ಥೈರಾಯ್ಡ್, ಟೈಪ್ 1 ಮಧುಮೇಹಗಳ ಸಾಲಿಗೆ ಸೇರುವ, ದೇಹ ತನ್ನ ಮೇಲೇ ತಿರುಗಿಬೀಳುವ ರೋಗ. ಅವೆರಡರಲ್ಲಿ ಯಾವುದಾದರೂ ಇರುವವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ.

ಭಾರತದಲ್ಲಿ ಇದನ್ನು ಬಹುಕಾಲ ಪಂಜಾಬ್-ಹರಿಯಾಣದ ಕಡೆಯ ಕಾಯಿಲೆ ಎಂದು ಬದಿಗಿಟ್ಟಿದ್ದರು. ದಕ್ಷಿಣದಲ್ಲಿ ಕರುಳಿನ ಎಳೆಗಳು ಸವೆದಿದ್ದರೆ ವೈದ್ಯರ ಮನಸ್ಸಿಗೆ ಬರುತ್ತಿದ್ದುದು ಟ್ರಾಪಿಕಲ್ ಸ್ಪ್ರೂ ಎಂಬ ಬೇರೊಂದು ಕರುಳಿನ ರೋಗ. ಅದಕ್ಕೂ ಕಾರಣವಿತ್ತು. 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಸುತ್ತಲಿನ ಹಳ್ಳಿಗಳಲ್ಲಿ ಸ್ಪ್ರೂ ಸಾಂಕ್ರಾಮಿಕದಂತೆ ಹರಡಿದ್ದನ್ನು ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ದಾಖಲಿಸಿದ್ದರು. ಅದು ಟೆಟ್ರಾಸೈಕ್ಲಿನ್ ಮತ್ತು ಫೋಲಿಕ್ ಆಸಿಡ್‌ಗೆ ಬಗ್ಗುವ ರೋಗ. ಸೀಲಿಯಾಕ್ ಯಾವ ಮಾತ್ರೆಗೂ ಬಗ್ಗುವುದಿಲ್ಲ.

2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ಈ ವಿಷಯದಲ್ಲಿ ನಮಗೆ ಸಿಕ್ಕಿರುವ ಒಳ್ಳೆಯ ಆಧಾರ. ಬಾಲಕೃಷ್ಣನ್ ರಾಮಕೃಷ್ಣ, ಗೋವಿಂದ ಮಖಾರಿಯಾ ಮತ್ತು ಸಂಗಡಿಗರು ಉತ್ತರ, ಈಶಾನ್ಯ, ದಕ್ಷಿಣ ಭಾರತದ 23,331 ವಯಸ್ಕರನ್ನು ಪರೀಕ್ಷಿಸಿದರು. ಸೀಲಿಯಾಕ್ ಕಾಯಿಲೆ ಉತ್ತರದಲ್ಲಿ ಸಾವಿರಕ್ಕೆ 8.53, ಈಶಾನ್ಯದಲ್ಲಿ 4.66, ದಕ್ಷಿಣದಲ್ಲಿ 0.11. ಅಜಗಜಾಂತರ. ಆದರೆ ಕಾಯಿಲೆಗೆ ಬೇಕಾದ ವಂಶವಾಹಿ ಇದ್ದವರು ಉತ್ತರದಲ್ಲಿ ಶೇ 38.1, ದಕ್ಷಿಣದಲ್ಲಿ ಶೇ 36.4, ಹೆಚ್ಚುಕಡಿಮೆ ಸಮ. ಬೇರೆಯಾಗಿದ್ದದ್ದು ತಟ್ಟೆ. ಗೋಧಿಯ ಸರಾಸರಿ ಬಳಕೆ ಉತ್ತರದಲ್ಲಿ ದಿನಕ್ಕೆ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಈ ಅಂಕಿಗಳನ್ನು ಓದಿದಾಗ ನನಗೆ ಸಮಾಧಾನಕ್ಕಿಂತ ಆತಂಕವೇ ಹೆಚ್ಚಾಯಿತು. ನಮ್ಮಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಆ ವಂಶವಾಹಿ ಹೊತ್ತಿದ್ದಾರೆ, ಮತ್ತು ತಟ್ಟೆ ಬದಲಾಗುತ್ತಿದೆ. ಶುಗರ್ ಎಂದು ಗೊತ್ತಾದ ದಿನವೇ ರಾತ್ರಿಯ ಅನ್ನ ಹೋಗಿ ಚಪಾತಿ ಬರುತ್ತದೆ. ಮಕ್ಕಳ ಡಬ್ಬಿಗೆ ಬ್ರೆಡ್, ನೂಡಲ್ಸ್, ಸಂಜೆಗೆ ಬೇಕರಿಯ ಬನ್ನು, ಪಫ್ಸು. ದಕ್ಷಿಣವೆಂದರೆ ಒಂದೇ ಅಡುಗೆಮನೆಯೂ ಅಲ್ಲ. ಧಾರವಾಡ, ವಿಜಯಪುರ, ಬೆಳಗಾವಿಯ ಕಡೆ ಗೋಧಿ ಬೆಳೆಯುತ್ತಾರೆ, ಹುಗ್ಗಿ ಮಾಡುತ್ತಾರೆ. ದಕ್ಷಿಣದ ಒಟ್ಟು ಸರಾಸರಿಯನ್ನು ಅಲ್ಲಿಗೆ ಹಾಗೇ ಅಂಟಿಸಲಾಗದು.

ಹಾಗೆಂದು ಗೋಧಿ ಹೆಚ್ಚಾದಷ್ಟೂ ಕಾಯಿಲೆ ಅದೇ ಲೆಕ್ಕದಲ್ಲಿ ಏರುತ್ತದೆ ಎಂದೂ ಹೇಳಲಾಗದು. ಫಿನ್‌ಲ್ಯಾಂಡ್ ಮತ್ತು ಅದರ ಗಡಿಯಾಚೆಯ ರಷ್ಯಾದ ಕರೇಲಿಯಾ ಪ್ರದೇಶದ ಶಾಲಾಮಕ್ಕಳನ್ನು ಹೋಲಿಸಿ 2008ರಲ್ಲಿ ಒಂದು ಅಧ್ಯಯನ ಬಂತು. ಎರಡೂ ಕಡೆ ವಂಶವಾಹಿಗಳಲ್ಲಿ ಹೋಲಿಕೆಯಿದೆ, ರಷ್ಯಾದವರು ತಿನ್ನುವ ಗೋಧಿಯೇನೂ ಕಡಿಮೆಯಲ್ಲ. ಆದರೂ ಕಾಯಿಲೆ ಫಿನ್‌ಲ್ಯಾಂಡಿನಲ್ಲಿ 107 ಮಕ್ಕಳಲ್ಲಿ ಒಬ್ಬರಿಗೆ, ಗಡಿಯಾಚೆ 496ರಲ್ಲಿ ಒಬ್ಬರಿಗೆ. ಸೋಂಕುಗಳು, ಕರುಳಿನ ಸೂಕ್ಷ್ಮಾಣುಗಳು, ಬೆಳೆದ ಪರಿಸರ ಇವೆಲ್ಲ ಎಲ್ಲೋ ಪಾತ್ರ ವಹಿಸುತ್ತಿವೆ. ಸಂಶೋಧನೆಯ ಬಿಸಿ ಈಗ ಅಲ್ಲೇ ಇದೆ. ಹಸಿರು ಕ್ರಾಂತಿಯ ತಳಿಗಳಲ್ಲಿ ಗ್ಲುಟೆನ್ ಹೆಚ್ಚಾದದ್ದೇ ಕಾರಣ ಎಂಬ ಮಾತು ಬಹಳ ಕೇಳಿಬರುತ್ತದೆ. ಜರ್ಮನಿಯಲ್ಲಿ 1891ರಿಂದ 2010ರವರೆಗಿನ 60 ಗೋಧಿ ತಳಿಗಳನ್ನು ಒಟ್ಟಿಗೆ ಬೆಳೆದು ಪರೀಕ್ಷಿಸಿದಾಗ ಗ್ಲುಟೆನ್ ಪ್ರಮಾಣದಲ್ಲಿ ಅಂಥ ಏರಿಕೆ ಕಂಡಿಲ್ಲ. ನಮ್ಮ ಜವೆಗೋಧಿ, ಅಂದರೆ ಈಗ ಖಪ್ಲಿ ಎಂದು ದುಬಾರಿ ಬೆಲೆಗೆ ಮಾರುವ ಹಳೆಯ ಗೋಧಿ, ಸೀಲಿಯಾಕ್ ಇರುವವರಿಗೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲೂ ಗ್ಲುಟೆನ್ ಇದೆ.

ಇನ್ನು ಸೀಲಿಯಾಕ್ ಇಲ್ಲದೆಯೂ ಗೋಧಿ ತಿಂದರೆ ಕಷ್ಟಪಡುವವರ ಮಾತು. ಇವರಿಗಾಗಿ ಗ್ಲುಟೆನ್ ಸೂಕ್ಷ್ಮತೆ ಎಂಬ ಹೆಸರು ಹುಟ್ಟಿತು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ತಂಡ 2011ರಲ್ಲಿ ಮಾಡಿದ ಚಿಕ್ಕ ಪ್ರಯೋಗ ಅದಕ್ಕೆ ಬಲ ಕೊಟ್ಟಿತು. ಅದೇ ತಂಡ 2013ರಲ್ಲಿ ಇನ್ನೂ ಬಿಗಿಯಾದ ಪ್ರಯೋಗ ಮಾಡಿತು: 37 ಜನರಿಗೆ, ಕರುಳಲ್ಲಿ ಹುದುಗುವ ಕೆಲವು ಸಕ್ಕರೆಯಂಥ ಪದಾರ್ಥಗಳನ್ನೆಲ್ಲ ಮೊದಲು ಊಟದಿಂದ ತೆಗೆದು, ಆಮೇಲೆ ಗ್ಲುಟೆನ್ ಕೊಟ್ಟರು. ಗ್ಲುಟೆನ್ನಿನ ಪ್ರಭಾವವೇ ಕಾಣಲಿಲ್ಲ. ತಮ್ಮದೇ ಹಿಂದಿನ ತೀರ್ಮಾನವನ್ನು ಹೀಗೆ ತಾವೇ ಅಲುಗಾಡಿಸಿದ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. 2018ರಲ್ಲಿ ಓಸ್ಲೋದಲ್ಲಿ 59 ಜನರಿಗೆ ನೋಟಕ್ಕೂ ರುಚಿಗೂ ಒಂದೇ ರೀತಿಯ ತಿಂಡಿಪಟ್ಟಿಗಳನ್ನು ಕೊಟ್ಟರು. ಒಂದರಲ್ಲಿ ಗ್ಲುಟೆನ್, ಇನ್ನೊಂದರಲ್ಲಿ ಕರುಳಲ್ಲಿ ಹುದುಗುವ ಆ ಪದಾರ್ಥಗಳಲ್ಲೊಂದಾದ ಫ್ರಕ್ಟಾನ್, ಮೂರನೆಯದರಲ್ಲಿ ಎರಡೂ ಇಲ್ಲ. ಹೊಟ್ಟೆ ಕೆಡಿಸಿದ್ದು ಹೆಚ್ಚಾಗಿ ಫ್ರಕ್ಟಾನ್. ಅದು ಗೋಧಿಯಲ್ಲೂ ಇದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇದೆ. ಅಂದರೆ ಗೋಧಿ ಬಿಟ್ಟು ಹಗುರಾದವರ ಅನುಭವ ನಿಜ, ದೂರು ಹೊತ್ತ ಪದಾರ್ಥ ಮಾತ್ರ ಹಲವು ಸಲ ಬೇರೆ. ಅಂಥವರು ಗೋಧಿ ಕಡಿಮೆ ಮಾಡಿದರೆ ಸಾಕಾಗಬಹುದು. ಸೀಲಿಯಾಕ್ ಇದ್ದವರಿಗೆ ಹಾಗಲ್ಲ, ತುಸುವೂ ಕೂಡದು, ಜೀವಮಾನವಿಡೀ ಕೂಡದು. ಈ ವ್ಯತ್ಯಾಸ ತಿಳಿಯುವುದಕ್ಕಾಗಿಯೇ ಪರೀಕ್ಷೆ ಬೇಕು.

ಪರೀಕ್ಷೆಯ ಕ್ರಮ ಹೀಗೆ. ಮೊದಲು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ, ಜೊತೆಗೆ ಐಜಿಎ ಎಂಬ ಬಗೆಯ ಪ್ರತಿಕಾಯದ ಒಟ್ಟು ಪ್ರಮಾಣ. ಹುಟ್ಟಿನಿಂದಲೇ ಐಜಿಎ ಕೊರತೆ ಇರುವವರಲ್ಲಿ ಮೊದಲನೆಯದು ಸುಳ್ಳೇ ‘ಇಲ್ಲ’ ಎಂದು ತೋರಿಸುತ್ತದೆ, ಅದಕ್ಕೆ ಎರಡನೆಯದು. ರಕ್ತದಲ್ಲಿ ಸುಳಿವು ಸಿಕ್ಕಿದರೆ ದೊಡ್ಡವರಿಗೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೇಲ್ಭಾಗದಿಂದ ನಾಲ್ಕಾರು ಚೂರು ಬಯಾಪ್ಸಿ ತೆಗೆಯುತ್ತಾರೆ. ಮಕ್ಕಳಲ್ಲಿ ಟಿಟಿಜಿ ಮಿತಿಯ ಹತ್ತು ಪಟ್ಟಿಗಿಂತ ಹೆಚ್ಚಿದ್ದು, ಇನ್ನೊಮ್ಮೆ ತೆಗೆದ ರಕ್ತದಲ್ಲಿ ಬೇರೊಂದು ಪ್ರತಿಕಾಯವೂ ಕಂಡರೆ ಬಯಾಪ್ಸಿ ಇಲ್ಲದೆಯೂ ತೀರ್ಮಾನಿಸಬಹುದೆಂದು ಯುರೋಪಿನ ಮಕ್ಕಳ ಜಠರರೋಗ ತಜ್ಞರ ಸಂಘ 2020ರಲ್ಲಿ ಹೇಳಿದೆ. ಇದೆಲ್ಲ ನಡೆಯುವಾಗ ರೋಗಿ ಗೋಧಿ ತಿನ್ನುತ್ತಿರಲೇಬೇಕು. ಬಿಟ್ಟು ಕೆಲವು ತಿಂಗಳಾದರೆ ಪ್ರತಿಕಾಯಗಳು ಇಳಿಯುತ್ತವೆ, ಎಳೆಗಳು ಮತ್ತೆ ಚಿಗುರುತ್ತವೆ, ರೋಗ ಇದ್ದರೂ ಪರೀಕ್ಷೆಗೆ ಸಿಗುವುದಿಲ್ಲ. ಆಗ ವಾರಗಟ್ಟಲೆ ಮತ್ತೆ ಗೋಧಿ ತಿಂದು, ನೋವು ಅನುಭವಿಸಿ ಪರೀಕ್ಷೆಗೆ ಹೋಗಬೇಕು. ಆಗಲೇ ಬಿಟ್ಟವರಿಗೆ ಒಂದು ಉಪಾಯ ವಂಶವಾಹಿ ಪರೀಕ್ಷೆ: ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಅಲ್ಲವೆಂದೇ ತಿಳಿಯಬಹುದು. ಇದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ.

ರೋಗ ಖಚಿತವಾದರೆ ಕನ್ನಡದ ಮನೆಗೆ ಪಥ್ಯ ಅಷ್ಟು ಕಷ್ಟವಲ್ಲ. ಮುದ್ದೆ, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ಇಡ್ಲಿ, ನೀರ್ ದೋಸೆ, ಒತ್ತು ಶಾವಿಗೆ ಎಲ್ಲವೂ ನಮ್ಮವೇ. ದುಬಾರಿ ಡಬ್ಬಿಗಳ ಗ್ಲುಟೆನ್‌ರಹಿತ ಬ್ರೆಡ್ಡು ಬೇಕೇಬೇಕೆಂದಿಲ್ಲ. ತೊಂದರೆ ಇರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಹಿಟ್ಟಿನ ಗಿರಣಿಗೆ ಹೋಗಿ ಒಂದರ್ಧ ಗಂಟೆ ನಿಂತು ನೋಡಿ. ಒಬ್ಬರ ಗೋಧಿ ಮುಗಿದ ಕೂಡಲೇ ಇನ್ನೊಬ್ಬರ ರಾಗಿ ಅದೇ ಬಾಯಿಗೆ ಬೀಳುತ್ತದೆ. ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಚೀಲದ ಮಡಿಕೆಯಲ್ಲಿ ಉಳಿದ ಗೋಧಿ ಹಿಟ್ಟು ಮೊದಲು ರಾಗಿಯ ಜೊತೆ ಇಳಿಯುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಗ್ಲುಟೆನ್‌ರಹಿತ ಎನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳು ಕೆಡುತ್ತದೆ ಎಂದು 2007ರ ಇಟಲಿಯ ಅಧ್ಯಯನ ತೋರಿಸಿದೆ. ಒಂದೇ ಒಂದು ಬ್ರೆಡ್ ತುಂಡಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಇಂಥ ಮನೆಗಳಿಗೆ ಸಣ್ಣ ಗಿರಣಿಯೊಂದನ್ನು ಕೊಂಡು ಮನೆಯಲ್ಲೇ ಬೀಸಿಕೊಳ್ಳುವುದು ಕ್ಷೇಮ.

ಅಂಗಡಿಯ ಇಂಗನ್ನು ಸಾಮಾನ್ಯವಾಗಿ ಮೈದಾದೊಂದಿಗೆ ಬೆರೆಸಿರುತ್ತಾರೆ, ಪೊಟ್ಟಣದ ಹಿಂದೆ ಓದಿ ನೋಡಿ. ರಾಗಿ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ. ಮದ್ದೂರು ವಡೆಯಲ್ಲಿ ರವೆ, ಮೈದಾ ಎರಡೂ ಇವೆ. ದೋಸೆ ಗರಿಯಾಗಲೆಂದು ಹಿಟ್ಟಿಗೆ ಒಂದು ಹಿಡಿ ರವೆ ಬೆರೆಸುವುದುಂಟು. ಸತ್ಯನಾರಾಯಣ ಪೂಜೆಯ ಸಜ್ಜಿಗೆ ರವೆಯದು, ಚರ್ಚಿನ ಪರಮಪ್ರಸಾದದ ರೊಟ್ಟಿ ಗೋಧಿಯದು. ಪ್ರಸಾದ ಬೇಡವೆನ್ನುವ ಮಗುವನ್ನು ದಯವಿಟ್ಟು ಒತ್ತಾಯಿಸಬೇಡಿ. ಒಂದು ಚಮಚ ಏನು ಮಾಡೀತು ಎಂಬ ಅಜ್ಜಿಯ ಅಕ್ಕರೆ ಈ ಕಾಯಿಲೆಯಲ್ಲಿ ನಿಜಕ್ಕೂ ಹಾನಿ ಮಾಡುತ್ತದೆ.

ಮಾತ್ರೆಗಾಗಿ ಹುಡುಕಾಟ ನಡೆದೇ ಇದೆ. ಲಸಿಕೆಯಂಥ ಒಂದು ಪ್ರಯತ್ನ 2019ರಲ್ಲಿ ನಿಂತಿತು, ಲಾರಾಜೋಟೈಡ್ ಎಂಬ ಔಷಧದ ಮೂರನೇ ಹಂತದ ಪ್ರಯೋಗವನ್ನು 2022ರಲ್ಲಿ ಕೈಬಿಟ್ಟರು. ಆಸೆ ಹುಟ್ಟಿಸಿರುವುದು ಆ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವವನ್ನೇ ತಡೆಯುವ ಝಡ್‌ಇಡಿ1227. ದಿನಕ್ಕೆ 3 ಗ್ರಾಂ ಗ್ಲುಟೆನ್ ತಿಂದರೂ ಅದು ಕರುಳಿನ ಹಾನಿಯನ್ನು ತಗ್ಗಿಸಿತು ಎಂದು 2021ರ ವರದಿ ಹೇಳುತ್ತದೆ. ಅದರ ಬೆನ್ನು ಹತ್ತಿದವರಲ್ಲಿ 1997ರ ಶೋಧ ಮಾಡಿದ ಶುಪ್ಪಾನ್ ಕೂಡ ಒಬ್ಬರು. ಅದಿನ್ನೂ ಪ್ರಯೋಗದ ಹಂತದಲ್ಲೇ ಇದೆ. ಸದ್ಯಕ್ಕೆ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಗ್ಲುಟೆನ್ ಕರಗಿಸುತ್ತೇವೆಂದು ಆನ್‌ಲೈನಿನಲ್ಲಿ ಮಾರುವ ಗುಳಿಗೆಗಳನ್ನು ನಂಬಿ ಚಪಾತಿ ತಿನ್ನಬೇಡಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮಗುವಿನ ಎತ್ತರ, ತೂಕ ನಿಂತುಹೋಗಿದ್ದರೆ, ಕಬ್ಬಿಣದ ಮಾತ್ರೆಗೂ ರಕ್ತಹೀನತೆ ಬಗ್ಗದಿದ್ದರೆ, ಬೇಧಿ ತಿಂಗಳುಗಟ್ಟಲೆ ಬಿಡದಿದ್ದರೆ, ಚಿಕ್ಕ ವಯಸ್ಸಿಗೇ ಮೂಳೆ ಸವೆದಿದ್ದರೆ, ಮೊಣಕೈ ಮೊಣಕಾಲಿನಲ್ಲಿ ತುರಿಕೆಯ ಗುಳ್ಳೆಗಳು ಮರುಕಳಿಸುತ್ತಿದ್ದರೆ, ‘ಡಾಕ್ಟ್ರೇ, ಟಿಟಿಜಿ ಪರೀಕ್ಷೆ ಒಮ್ಮೆ ಮಾಡಿಸೋಣವೇ’ ಎಂದು ನೀವೇ ಕೇಳಿ. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಇದೆಯೆಂದು ಗೊತ್ತಾದರೆ ಹೆತ್ತವರು, ಒಡಹುಟ್ಟಿದವರು, ಮಕ್ಕಳೂ ಮಾಡಿಸಿಕೊಳ್ಳಲಿ. ಅಂಥ ಹತ್ತಿರದ ಬಂಧುಗಳಲ್ಲಿ ನೂರಕ್ಕೆ ಏಳೆಂಟು ಜನರಲ್ಲಿ ಅದು ಸಿಗುತ್ತದೆ. ವರದಿ ಕೈಗೆ ಬರುವವರೆಗೆ ಗೋಧಿ ಬಿಡಬೇಡಿ.